ತಾರೀಖು ಬೇಡವೆಂದು ಅತ್ತದ್ದು

ಅಪ್ಪ ಕೋರ್ಟಿನಲ್ಲಿ ಜವಾನನಾಗಿದ್ದ. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಹಿಡಿದು ಕೂಗುವುದು ಅವನ ಕೆಲಸ. ದೇವದುರ್ಗದ ಮನೆಯಲ್ಲಿ ನಮ್ಮನ್ನು ಊಟಕ್ಕೆ ಕರೆದರೂ ಓಣಿಗೆಲ್ಲ ಕೇಳುತ್ತಿತ್ತು. ಅಂಥವನಿಗೆ ಲಕ್ವಾ ಹೊಡೆದಿದೆ, ನಿನ್ನನ್ನೇ ಕೇಳುತ್ತಿದ್ದಾನೆ ಎಂದು ತಂಗಿಯ ಕಾಗದ ಬಂದಾಗ ನಾನು ಕೊಲ್ಲಿಯ ಒಂದು ದೇಶದಲ್ಲಿ ಬಡಗಿ. ಎಂಬತ್ತರ ದಶಕದ ಮಾತು. ಪಾಸ್‌ಪೋರ್ಟು ಮಾಲೀಕನ ಬೀರುವಿನಲ್ಲಿತ್ತು. ಹಿಡಿದ ಕೆಲಸ ಮುಗಿಯದೆ ಕೊಡುವುದಿಲ್ಲ ಎಂದು ಅವನು ಖಡಾಖಂಡಿತ ಹೇಳಿಬಿಟ್ಟ. ಜೊತೆಗಿದ್ದ ಗಾರೆ ಕೆಲಸದ ಮಾನ್ವಿಯ ಗೌಂಡಿಯೊಬ್ಬ ಇಲ್ಲಿನ ಕೋರ್ಟಿಗೆ ಹೋಗು ಎಂದ. ನನಗೆ ಸಿಟ್ಟು ಬಂತು. ಕೋರ್ಟೆಂದರೆ ಏನೆಂದು ಜವಾನನ ಮಗನಿಗೆ ಇವನು ಹೇಳಿಕೊಡಬೇಕೆ? ಆದರೂ ಹೋದೆ, ಬೇರೆ ದಾರಿ ಇರಲಿಲ್ಲ.

ಒಳಗೆ ಕಾಲಿಟ್ಟವನು ಬೆಪ್ಪಾಗಿ ನಿಂತೆ. ನೆಲದಲ್ಲಿ ನನ್ನ ಮುಖ ಕಾಣುತ್ತಿತ್ತು. ಅಷ್ಟು ಜನರಿದ್ದರೂ ಗದ್ದಲವಿಲ್ಲ. ಅದಕ್ಕಿಂತ ದೊಡ್ಡ ಸೋಜಿಗವೆಂದರೆ ಅಲ್ಲಿನ ಮಾತು. ಅರಬ್ಬಿ ನನಗೆ ಒಂದಕ್ಷರ ಬಾರದು, ಆದರೆ ನಡುನಡುವೆ ವಕೀಲ, ದಾವಾ, ಹಕ್ಕು ಎಂದೆಲ್ಲ ಕೇಳತೊಡಗಿತು. ನಿಜಾಮನ ಕಾಲದಿಂದ ನಮ್ಮ ಬಾಯಲ್ಲಿ ಸವೆದ ಮಾತುಗಳು. ಇವುಗಳ ತವರುಮನೆಗೇ ಬಂದಿದ್ದೇನೆ ಅನ್ನಿಸಿ ಮೈ ಜುಮ್ಮೆಂದಿತು.

ನ್ಯಾಯಾಧೀಶರು ಬಿಳಿಗಡ್ಡದ ಹಿರಿಯರು. ಅವರ ಪಕ್ಕದಲ್ಲಿ ಉರ್ದು ಬಲ್ಲ ದುಭಾಷಿ. ನ್ಯಾಯಾಧೀಶರು ಅಲ್ಲಿಗೆ ಕರೆಸಿದ್ದ ಮಾಲೀಕನನ್ನು ಏನೋ ವಿಚಾರಿಸಿ ನನ್ನ ಕಡೆ ತಿರುಗಿದರು. ಅವರು ಕೇಳಿದ್ದರಲ್ಲಿ ನನಗೆ ತಿಳಿದದ್ದು ‘ತಾರೀಖ್’ ಒಂದೇ. ನಮ್ಮ ಕಡೆ ತಾರೀಖು ಬಿತ್ತೆಂದರೆ ಕೇಸು ಮುಂದಕ್ಕೆ ಹೋಯಿತೆಂದೇ ಲೆಕ್ಕ. ಅಲ್ಲಿಯವರೆಗೆ ಅಪ್ಪ ಇರುತ್ತಾನೆಯೇ? ದುಭಾಷಿ ಬಾಯಿ ತೆರೆಯುವ ಮೊದಲೇ ಕೈಮುಗಿದೆ.

“ತಾರೀಖ್ ನಕ್ಕೋ ಸಾಬ್, ತಾರೀಖ್ ನಕ್ಕೋ,” ಎನ್ನುತ್ತ ಅತ್ತೇಬಿಟ್ಟೆ.

ದುಭಾಷಿಗೆ ನಗು ತಡೆಯಲಾಗಲಿಲ್ಲ. ಈ ದೇಶಕ್ಕೆ ಯಾವ ದಿನ ಬಂದೆ ಎಂದಷ್ಟೇ ಸಾಹೇಬರು ಕೇಳಿದ್ದು ಎಂದ. ನ್ಯಾಯಾಧೀಶರು ಮಾತ್ರ ನಗಲಿಲ್ಲ. ಇವನೇಕೆ ಅಳುತ್ತಿದ್ದಾನೆ, ಕೇಳು ಎಂದರಂತೆ. ಅಪ್ಪನ ವಿಷಯ ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು. ಯಾವುದೋ ದೂರದೂರಿನ ಒಬ್ಬ ಬಡಗಿಯ ಅಳುವಿಗೆ ಅಷ್ಟು ದೊಡ್ಡ ಸಭೆ ಸುಮ್ಮನೆ ಕಾದಿತ್ತು. ಆಮೇಲೆ ಮಾಲೀಕನಿಗೆ ಎರಡೇ ಮಾತು. ಮಧ್ಯಾಹ್ನದೊಳಗೆ ಪಾಸ್‌ಪೋರ್ಟು ನನ್ನ ಕೈಯಲ್ಲಿತ್ತು.

ರಾಯಚೂರಿನಲ್ಲಿ ರೈಲಿಳಿದು ಸಿಕ್ಕ ಬಸ್ಸು ಹತ್ತಿ ಮನೆ ಮುಟ್ಟಿದೆ. ಅಪ್ಪ ಬದುಕಿದ್ದ. ಬಾಯಿ ಸೊಟ್ಟಗಾಗಿತ್ತು, ಮಾತು ತೊದಲುತ್ತಿತ್ತು. ಅವನ ಕೈ ಹಿಡಿದು ನನ್ನ ಪೆದ್ದತನವನ್ನೆಲ್ಲ ಹೇಳಿದೆ, ನಕ್ಕಾನು ಎಂದುಕೊಂಡು. ಅವನು ನಗಲಿಲ್ಲ.

“ಎಷ್ಟೋ ಮಂದಿ ಅಳಕೋತ ನನ್ನ ಮುಂದ ಹಾದು ಹೋದ್ರು ತಮ್ಮಾ,” ಎಂದ. “ಯಾಕ ಅಳಾಕತ್ತೀರಿ ಅಂತ ನಾ ಒಬ್ಬರನ್ನೂ ಕೇಳಲಿಲ್ಲ.”