ಮೈದಾ ಮೂಟೆಗಳ ಕೋಣೆ

ಬೇಕರಿಯಲ್ಲಿ ಎಲ್ಲರೂ ಅವರನ್ನು ಬ್ರೆಡ್ಡಣ್ಣ ಎನ್ನುತ್ತಿದ್ದರು. ಮೀಸೆ ಮೂಡುವ ಮೊದಲೇ ಹಿಟ್ಟು ನಾದಲು ಸೇರಿದವರು. ಗಂಡನ ತಲೆ ಯಾವಾಗ ನರೆಯಿತೆಂದು ತನಗೂ ತಿಳಿಯಲಿಲ್ಲ, ಮನೆಗೆ ಬರುವಾಗ ದಿನಾ ಹಿಟ್ಟು ಮೆತ್ತಿ ಬೆಳ್ಳಗೇ ಇರುತ್ತಿತ್ತಲ್ಲ ಎಂದು ಅವರ ಹೆಂಡತಿ ನಗುತ್ತಿದ್ದರು.

ಐವತ್ತು ದಾಟಿದ ಮೇಲೆ ಉಬ್ಬಸ ಶುರುವಾಯಿತು. ಎದೆಯಲ್ಲಿ ಸಿಳ್ಳೆ, ಮಾತಿನ ನಡುವೆ ಏದುಸಿರು. ಆಸ್ತಮಾ ಎಂದ ವೈದ್ಯರು ಇನ್ಹೇಲರ್ ಬರೆದುಕೊಟ್ಟು, ಏನು ಕೆಲಸ ಎಂದು ಕೇಳಿದರು. ಅಂಗಡಿ ಕೆಲಸ ಎಂದಷ್ಟೇ ಹೇಳಿದರು ಬ್ರೆಡ್ಡಣ್ಣ. ಹಿಟ್ಟಿನ ವಿಷಯ ಎತ್ತಿದರೆ ಎಲ್ಲಿ ಬಿಡಿಸಿಬಿಡುತ್ತಾರೋ ಎಂಬ ಅಂಜಿಕೆ. ಒಲೆಯ ಮುಂದೆ ನಿಲ್ಲದ ದಿನ ಹೇಗಿರುತ್ತದೆಂದು ಅವರಿಗೆ ಊಹಿಸಲೂ ಬರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಉಸಿರಾಟದ ವ್ಯಾಯಾಮ ಕಲಿಸುವ ಹುಡುಗಿ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಭುಜ ಸಡಿಲ ಬಿಡಿಸಿ, ಕೈಯನ್ನು ಹೊಟ್ಟೆಯ ಮೇಲೆ ಇಡಿಸಿದಳು. ಮೂಗಿನಿಂದ ಮೆಲ್ಲಗೆ ಒಳಕ್ಕೆ; ಏಳಬೇಕಾದ್ದು ಹೊಟ್ಟೆ, ಎದೆಯಲ್ಲ. ಆಮೇಲೆ ಬಿಸಿ ಹಾಲು ಆರಿಸುವಾಗಿನಂತೆ ತುಟಿ ಕೂಡಿಸಿ, ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹೊರಕ್ಕೆ. ಇದು ಔಷಧದ ಜೊತೆಗೆ, ಅದರ ಬದಲಿಗಲ್ಲ ಎಂದು ಎರಡು ಸಲ ಹೇಳಿದಳು.

"ಬೆಚ್ಚಗಿರೋ, ಗಲಾಟೆ ಇಲ್ಲದ ಜಾಗದಲ್ಲಿ ಕೂತ್ಕೊಳ್ಳಿ ಅಂಕಲ್. ಮನಸ್ಸಿಗೆ ನೆಮ್ಮದಿ ಅನ್ನಿಸ್ಬೇಕು."

ಅಂಥ ಜಾಗ ಅವರಿಗೆ ಒಂದೇ ಗೊತ್ತಿದ್ದದ್ದು: ಒಲೆಯ ಹಿಂಗೋಡೆಗೆ ಅಂಟಿದ, ಮೈದಾ ಮೂಟೆಗಳ ಕೋಣೆ. ಬಾಗಿಲು ಮುಂದೆ ಮಾಡಿಕೊಂಡು, ಮೂಟೆಗೆ ಬೆನ್ನು ಕೊಟ್ಟು, ಬೆಳಿಗ್ಗೆ ಸಂಜೆ ತಪ್ಪದೆ ಮಾಡಿದರು. ಔಷಧವನ್ನೂ ಬಿಡಲಿಲ್ಲ. ಉಸಿರು ಕಟ್ಟಿದಾಗಿನ ಗಾಬರಿ ಇಳಿಯಿತು, ಸಿಳ್ಳೆ ಮಾತ್ರ ಏರುತ್ತಲೇ ಹೋಯಿತು. ತಾನೇ ಸರಿಯಾಗಿ ಮಾಡುತ್ತಿಲ್ಲವೇನೋ ಎಂದು ಇನ್ನೂ ಹೆಚ್ಚು ಹೊತ್ತು ಕೂತರು, ಇನ್ನೂ ಆಳವಾಗಿ ಎಳೆದರು.

ಒಂದು ಮಧ್ಯಾಹ್ನ ಮೂಟೆಗಳ ನಡುವೆ ತುಟಿ ನೀಲಿಗಟ್ಟಿ ಕುಸಿದಿದ್ದವರನ್ನು ಜೊತೆಗಾರರು ಆಸ್ಪತ್ರೆಗೆ ಹೊತ್ತೊಯ್ದರು. ಉಸಿರು ಹಿಡಿತಕ್ಕೆ ಬಂದ ಮೇಲೆ ನೋಡಲು ಬಂದ ಆ ಹುಡುಗಿ, ಅವರ ಹುಬ್ಬಿನ ಬಿಳಿ ಪುಡಿಯನ್ನು ಬೆರಳಿನಿಂದ ಮುಟ್ಟಿ, ವ್ಯಾಯಾಮ ಎಲ್ಲಿ ಮಾಡುತ್ತಿದ್ದರು ಎಂದು ಕೇಳಿದಳು. ಹೆಂಡತಿ ಹೇಳಿದರು. ಹುಡುಗಿ ಬೆರಳಿಗಂಟಿದ ಹಿಟ್ಟನ್ನು ವೈದ್ಯರಿಗೆ ತೋರಿಸಲು ಹೋದಳು. ಮುಂದೆ ಪರೀಕ್ಷೆಯಲ್ಲೂ ಅದೇ ಖಚಿತವಾಯಿತು: ಅವರ ಉಬ್ಬಸಕ್ಕೆ ಹಿಟ್ಟಿನ ಧೂಳೇ ಕಾರಣ.

"ಬಿಡ್ಲೇಬೇಕಾ ತಾಯಿ?" ಎಂದರು ಬ್ರೆಡ್ಡಣ್ಣ.

"ಬಿಡ್ಲೇಬೇಕು ಅಂಕಲ್."

ಈಗ ಅವರ ಕುರ್ಚಿ ಮನೆಯ ಕಿಟಕಿಯ ಪಕ್ಕ. ಒಬ್ಬರೇ ಆಗುವುದು ಬೇಡವೆಂದು ಹೆಂಡತಿಯೂ ಎದುರು ಕೂತು ಮಾಡುತ್ತಾರೆ. ಸಿಳ್ಳೆ ಬಹಳ ತಗ್ಗಿದೆ. ಮೆಟ್ಟಿಲು ಹತ್ತಿದರೂ ಮಾತು ಕಡಿಯುವುದಿಲ್ಲ. ಆಡಲು ಮಾತೇ ಕಡಿಮೆಯಾಗಿದೆ.

ಮೊನ್ನೆ ಸಂಜೆ ಗಾಳಿ ಈ ಕಡೆ ತಿರುಗಿ, ಬೇಕರಿಯ ವಾಸನೆ ಬೀದಿ ದಾಟಿ ಬಂತು.

"ಹೊಸ ಹುಡುಗ ಬ್ರೆಡ್ಡಿನ ತಳ ಸೀಯಿಸ್ತಿದ್ದಾನೆ ಕಣೇ."

"ಸೀಯ್ಲಿ ಬಿಡಿ. ನಿಮ್ಮ ಬೆಲೆ ಅವರಿಗೂ ಗೊತ್ತಾಗ್ಲಿ."

ಬ್ರೆಡ್ಡಣ್ಣ ನಕ್ಕರು. ಹೋಗಿ ಒಂದು ಮಾತು ಹೇಳಿಬರುತ್ತೇನೆಂದು ಎದ್ದು ಚಪ್ಪಲಿ ಮೆಟ್ಟಿದರು. ಹೆಂಡತಿ ಬೇಡ ಎನ್ನಲಿಲ್ಲ, ಹೊಟ್ಟೆಯ ಮೇಲಿಟ್ಟ ಕೈ ತೆಗೆಯದೆ ಕಾದರು. ಬಾಗಿಲ ತನಕ ಹೋದವರು ಹಿಂದಿರುಗಿ ಕೂತರು. ಕಣ್ಣು ಮುಚ್ಚಿ ಆ ವಾಸನೆಯನ್ನು ಮೂಗಿನಿಂದ ಮೆಲ್ಲಗೆ, ಆದಷ್ಟೂ ಒಳಕ್ಕೆ ಎಳೆದುಕೊಂಡರು. ಹೊರಕ್ಕೆ ಬಿಡಲು ಬಹಳ ಹೊತ್ತು ತೆಗೆದುಕೊಂಡರು.