ಅಮಾವಾಸ್ಯೆಯ ಲಾರಿಗಳು

ಗುಂಡ್ಲುಪೇಟೆಯ ತಹಸೀನ್ ಪ್ರತಿ ಶುಕ್ರವಾರ ಫೋನು ಬಾಯಿಗೆ ಹಿಡಿದು ಸುದ್ದಿ ಹೇಳುತ್ತಾಳೆ. ಯಾರ ಮದುವೆ, ಯಾರ ಜಗಳ ಅಂತಲ್ಲ. ಅಂಕಿಗಳನ್ನು ಚಿತ್ರ ಮಾಡಿ ತೋರಿಸುವ ಸಾಫ್ಟ್‌ವೇರ್‌ನಲ್ಲಿ ಈ ವಾರ ಏನು ಹೊಸದು, ಯಾವ ಪಾಠ ಪುಕ್ಕಟೆ ಸಿಗುತ್ತದೆ ಅಂತ. ಇಂಗ್ಲಿಷಿನಲ್ಲಿ ಬಂದದ್ದನ್ನು ಕನ್ನಡದಲ್ಲಿ ಹೇಳಿ ವಾಟ್ಸಾಪ್ ಗುಂಪಿಗೆ ಹಾಕುತ್ತಾಳೆ. ತರಕಾರಿ ಮಂಡಿಗೆ ಬರುವ ಲಾರಿಗಳ ಲೆಕ್ಕ ಇಡುವುದು ಅವಳ ಕೆಲಸ. ಗಂಡ ಖಲೀಲ್ ಲಾರಿ ಓಡಿಸುತ್ತಿದ್ದ. ಹೋದ ವರ್ಷ ತೀರಿಕೊಂಡ. ಮನೆ ಬಿಕೋ ಅನ್ನುತ್ತಿತ್ತು. ಹೊತ್ತು ಕಳೆಯಲು ಈ ಸಾಫ್ಟ್‌ವೇರ್ ಕಲಿತಳು.

ಚಾಮರಾಜನಗರದ ಒಂದು ತರಬೇತಿ ಕೇಂದ್ರದಿಂದ ಕರೆ ಬಂತು. ಒಂದು ಪಾಠ ಮಾಡಿ ತೋರಿಸಬೇಕು. ಮೆಚ್ಚಿದರೆ ವಾರದ ತರಗತಿ ಅವಳದೇ. ಬೇಕೇ ಬೇಕು ಅನ್ನಿಸಿತು. ಬಸ್ಸಿನಲ್ಲಿ ಪಾಠವನ್ನು ಮತ್ತೆ ಮತ್ತೆ ಹೇಳಿಕೊಂಡಳು.

"ಎದರ್ಕಬ್ಯಾಡ ಕಣಮ್ಮಿ" ಅಂದಳು ಜೊತೆಗೆ ಬಂದ ಗೆಳತಿ ನಾಗರತ್ನ. "ನೀ ಬಾಯ್ ತೆಗುದ್ರೆ ಬಸ್ಸೇ ನಿಂತ್ಕತದೆ."

ತರಗತಿಯಲ್ಲಿ ಹುಡುಗಿಯರ ನಡುವೆ ಅರಿಸಿನ ವ್ಯಾಪಾರಿ ವೃಷಭೇಂದ್ರಪ್ಪನವರೂ ಕೂತಿದ್ದರು. ತಹಸೀನ್ ಆರು ತಿಂಗಳ ಟೊಮೆಟೊ ಲಾರಿಗಳ ಚಾರ್ಟನ್ನು ಗೋಡೆಗೆ ಬಿಟ್ಟಳು. ದಿನಕ್ಕೊಂದು ಕಂಬ, ಎಲ್ಲೂ ಸಂದಿಲ್ಲ. ಅಂಕಿಯಿಲ್ಲದ ಖಾಲಿ ದಿನಗಳಿಗೆ ಸರಾಸರಿ ತುಂಬಿ ಅಂತ, ಹೋದ ವಾರ ಅವಳೇ ಗುಂಪಿಗೆ ಹಾಕಿದ್ದ ಪಾಠ ಹೇಳಿತ್ತು. ತುಂಬಿದ್ದಳು.

ವೃಷಭೇಂದ್ರಪ್ಪ ಕನ್ನಡಕ ಏರಿಸಿದರು. "ತಾಯಿ, ಇದು ಅಮಾಸೆ ಅಲ್ವಾ? ಅವತ್ತು ನಿಮ್ ಮಂಡಿ ಬಂದ್. ಇಷ್ಟೊಂದ್ ಲಾರಿ ಯಾರವ್ವಾ ತಂದೋರು?"

"ದೆವ್ವಗಳು ಕಣ್ರಪ್ಪಾ! ಬಾಡಿಗೇನೂ ಕೇಳಲ್ಲ ಅವು" ಅಂದಳು ನಾಗರತ್ನ, ಹಿಂದಿನ ಬೆಂಚಿನಿಂದ.

ಇಡೀ ತರಗತಿ ಹೋ ಅಂತು. ತಹಸೀನ್ ಚಾರ್ಟಿನತ್ತ ತಿರುಗಿದಳು. ತರಗತಿ ಕೈತಪ್ಪಿತು ಅಂದುಕೊಂಡಳು. ಅಮಾವಾಸ್ಯೆ ಅವಳಿಗೆ ಗೊತ್ತಿಲ್ಲವೇ? ಖಲೀಲ್ ಮನೆಯಲ್ಲಿರುತ್ತಿದ್ದ ದಿನವೇ ಅದು. ಲಾರಿ ತೊಳೆದು, ಓನರ್ ಪೂಜೆಗೆ ನಿಂಬೆಹಣ್ಣು ಕಟ್ಟಿಕೊಟ್ಟು ಬಂದು, ಒಲೆ ಮುಂದೆ ಕೂತು ಅವಳ ಸಾರಿಗೆ ಉಪ್ಪು ಜಾಸ್ತಿ ಅನ್ನುತ್ತಿದ್ದ. ಅಂಥ ದಿನ ಡ್ರೈವರುಗಳನ್ನೆಲ್ಲ ರಸ್ತೆಗೆ ಅಟ್ಟಿಬಿಟ್ಟಿದ್ದಳು! ಅವನಿದ್ದಿದ್ದರೆ ಎಷ್ಟು ಬೈಯುತ್ತಿದ್ದ ಅಂತ ಹೊಳೆದದ್ದೇ ತಡ, ಮೇಜು ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬಂತು. ನಗುವೂ ಅಳುವೂ ಸೇರಿಯೇ ಬಂದವು.

"ತಪ್ಪು ನಂದೇ ಕಣ್ರೀ. ಪಾಠ ಹೇಳ್ತು, ತುಂಬ್ಬುಟ್ಟೆ. ಖಾಲಿ ಯಾಕಿದೆ ಅಂತ ಕೇಳ್ಳೇ ಇಲ್ಲ. ಎಲ್ಲಾರೂ ನೋಡ್ಕಳಿ, ಇವಾಗ ದೆವ್ವ ಬಿಡುಸ್ತೀನಿ."

ಅಮಾವಾಸ್ಯೆಯ ಕಂಬಗಳನ್ನು ಒಂದೊಂದೇ ಅಳಿಸಿದಳು. ಕಂಬ ಬಿದ್ದಾಗಲೆಲ್ಲ ಹುಡುಗಿಯರು ಚಪ್ಪಾಳೆ ತಟ್ಟಿ ಕೂಗಿದರು. ಖಾಲಿ ಜಾಗ ಖಾಲಿಯಾಗಿಯೇ ಉಳಿಯಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕೇಂದ್ರದ ರಘುನಾಥ, "ಮೇಡಂ, ಮುಂದಿನ ವಾರದಿಂದ ನೀವೇ ಬನ್ನಿ. ಇವರು ನಿದ್ದೆ ಮಾಡದೆ ಕೂತಿದ್ದು ಇವತ್ತೇ" ಎಂದರು.

ವಾಪಸು ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ತಹಸೀನ್ ಶುಕ್ರವಾರಕ್ಕೂ ಕಾಯಲಿಲ್ಲ. ನಾಗರತ್ನ ಫೋನು ಹಿಡಿದಳು, ಇವಳು ಕಂಬಿ ಹಿಡಿದು ಕೂಗಿದಳು:

"ಓದ್ ವಾರದ್ ಪಾಠ ಮರ್ತ್ಬುಡಿ! ಅಮಾಸೆ ದಿನ ಯಾರ್ನೂ ಲಾರಿ ಅತ್ತುಸ್ಬ್ಯಾಡಿ. ಅವತ್ತೊಂದಿನ ಮನೇಲಿರ್ಲಿ ಬುಡಿ!"