ಮುದ್ದೆಯೊಳಗಿನ ಮಾತ್ರೆ

1974ರ ಆಗಸ್ಟ್ 22, ಗುರುವಾರ, ಬೆಳಿಗ್ಗೆ ಹನ್ನೊಂದೂಕಾಲು. ಭಾರತೀನಗರದ ಬಳಿಯ ಕಬ್ಬು ಬೆಳೆಗಾರ ಪುಟ್ಟರಾಜು ಮನೆಯ ಊಟ ಬಿಟ್ಟು ಆರು ದಿನಗಳಾದವೆಂದು ಅವರ ಪತ್ನಿ ಹೊಂಬಾಳಮ್ಮ ಮದ್ದೂರಿಗೆ ಬಂದು ವೈದ್ಯರಿಗೆ ತಿಳಿಸಿದರು. ತಪ್ಪು ವೈದ್ಯರದೇ ಆಗಿತ್ತು.

ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಮನೋರೋಗದ ಚಿಕಿತ್ಸೆಗೆ ರೋಗಿಯನ್ನೂ ಮನೆಯವರನ್ನೂ ಒಟ್ಟಿಗೆ ಕೂರಿಸಿಕೊಂಡವರೆಂದು ಹೆಸರಾಗಿ, ಅದಾದ ಐದು ವರ್ಷಗಳ ಬಳಿಕ, 1979ರ ಈ ತಿಂಗಳು ನಿವೃತ್ತರಾಗುತ್ತಿರುವ ಡಾ. ವರದರಾಜರು, ಆ ದಿನದವರೆಗೆ ರೋಗಿಯನ್ನು ಹೊರಗೆ ಕೂರಿಸಿಯೇ ಮನೆಯವರೊಡನೆ ಮಾತನಾಡುತ್ತಿದ್ದರು. ಗಾಣದ ಸದ್ದಿನಲ್ಲಿ ಯಾರೋ ತನ್ನನ್ನು ಬೈಯುತ್ತಾರೆ ಎನ್ನುತ್ತಿದ್ದ ಪುಟ್ಟರಾಜು ಮಾತ್ರೆ ಒಲ್ಲೆನೆಂದಾಗ, ಮುದ್ದೆಯಲ್ಲಿಟ್ಟು ಕೊಡಿ, ಮುದ್ದೆಯನ್ನು ಯಾರೂ ಅಗಿಯುವುದಿಲ್ಲವಲ್ಲ ಎಂದು ಹೊಂಬಾಳಮ್ಮನವರಿಗೆ ಹೇಳಿಕೊಟ್ಟವರು ಅವರೇ. ಐದು ವಾರ ಗುಣ ಕಂಡಿತು. ಆರನೆಯ ವಾರ ತುತ್ತು ಮುರಿಯುವಾಗ ಬಿಳಿಯ ಮಾತ್ರೆ ಬೆರಳಿಗೆ ಸಿಕ್ಕಿತು. ಹೆಂಡತಿ ವಿಷವಿಕ್ಕುತ್ತಿದ್ದಾಳೆಂದು ಪುಟ್ಟರಾಜು ನಂಬಿದರು. ಅಂದಿನಿಂದ ಬಾಳೆಹಣ್ಣು, ಎಳನೀರು, ಅಷ್ಟೇ.

ವರದರಾಜರು ಅಂದು ಮಧ್ಯಾಹ್ನವೇ ಹೊಂಬಾಳಮ್ಮನವರೊಡನೆ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡರು. ಜಗಲಿಯ ಮೇಲೆ ಕುಳಿತಿದ್ದ ಪುಟ್ಟರಾಜುವನ್ನು ಕಂಡಾಗ ಅದರಲ್ಲಿ ಉಳಿದದ್ದು ಸ್ವಲ್ಪವೇ.

"ಪುಟ್ಟರಾಜು ಅವರೇ, ನಿಮ್ಮ ಮನೆಯವರದು ತಪ್ಪಿಲ್ಲ. ನಿಮಗೆ ತಿಳಿಸದೆ ಮಾತ್ರೆ ಹಾಕಿಸಿದವನು ನಾನು. ಕ್ಷಮಿಸಬೇಕು."

"ನನ್ನೇ ಒಂದ್ಮಾತು ಕೇಳುದ್ರೆ ಏನಾಗದು ಸ್ವಾಮಿ? ನಂಗೇನು ಕಿವಿ ಇಲ್ವಾ?"

"ನಿಂಗೆ ಕಿವಿ ಜಾಸ್ತಿ ಆಗಿರದೇ ಕಾಯಿಲೆ ಕಣ್ಲಾ," ಎಂದರು ಕಂಬಕ್ಕೊರಗಿದ್ದ ತಾಯಿ ದೇವಿರಮ್ಮ. "ಯಾರೂ ಅನ್ನದೆ ಇರದೆಲ್ಲ ಕೇಳುಸ್ತದೆ."

ಪುಟ್ಟರಾಜು ನಕ್ಕರು. ವೈದ್ಯರು ಮಾತ್ರೆಯ ಪೊಟ್ಟಣವನ್ನು ಅವರ ಕೈಗೇ ಕೊಟ್ಟು, ಅದು ಏನು ಮಾಡುತ್ತದೆ, ಬಾಯಿ ಹೇಗೆ ಒಣಗುತ್ತದೆ, ಕೈ ಹೇಗೆ ನಡುಗಬಹುದು ಎಂಬುದನ್ನು ಮೂವರೆದುರೂ ವಿವರಿಸಿದರು.

"ಕೈ ನಡುಗ್ತಿದ್ದುದ್ದು ಅದ್ಕಾ? ನಾನು ಇವುಳ್ದೇ ಮಾಟ ಅಂದ್ಕಂಡಿದ್ದೆ!"

"ಮಾಟ ಕಲ್ತಿದ್ರೆ ಮೊದ್ಲು ನಿನ್ ಬಾಯಿ ಕಟ್ತಿದ್ದೆ ಬುಡು," ಎಂದರು ಹೊಂಬಾಳಮ್ಮ.

ಮರುವಾರದಿಂದ ವರದರಾಜರ ಕೊಠಡಿಯಲ್ಲಿ ಒಂದೇ ಬೆಂಚು ಉಳಿಯಿತು. ರೋಗಿ, ಮನೆಯವರು ಅದರಲ್ಲೇ ಕೂರಬೇಕು, ರೋಗಿಯ ಬೆನ್ನ ಹಿಂದೆ ಯಾವ ಮಾತೂ ಇಲ್ಲ. ಈ ಕ್ರಮವನ್ನು ಅವರು ಮಳವಳ್ಳಿಗೂ ಮಂಡ್ಯಕ್ಕೂ ಒಯ್ದರು. ಕಿರಿಯರಿಗೆ ಕಲಿಸುವಾಗ ಪ್ರತಿಬಾರಿಯೂ ತಮ್ಮ ತಪ್ಪಿನಿಂದಲೇ ಆರಂಭಿಸಿದರು. ಅವರಿಗೆ ನೂರು ತುಂಬಲಿ. ನಿವೃತ್ತಿಯ ಬಳಿಕವೂ ಆ ಬೆಂಚಿನ ಎದುರು ಇನ್ನೂ ಬಹುಕಾಲ ಕುಳಿತಿರಲಿ.

1974ರ ಆ ಗುರುವಾರ ಸಂಜೆ ಪುಟ್ಟರಾಜು ಮಾತ್ರೆಯನ್ನು ತಾವೇ ನೀರು ಕುಡಿದು ನುಂಗಿದರು. ಆಮೇಲೆ ಹೊಂಬಾಳಮ್ಮ ಬಡಿಸಿದ ಮುದ್ದೆಯನ್ನು ನಾಲ್ಕು ಕಡೆ ಮುರಿದು ನೋಡಿ, ಉಂಡರು.